ಒಂಬತ್ತನೇ ಆದ್ಯತೆ

ಸರ್ವರ್ ಯಂತ್ರದ ಕೋಣೆಯ ಬಾಗಿಲು ತೆಗೆದದ್ದೇ ತಡ, ಬಿಸಿಗಾಳಿ ಸರ್ವರಮ್ಮನ ಮುಖಕ್ಕೆ ಬಡಿಯಿತು. ಆರೋಗ್ಯ ಇಲಾಖೆಯ ಕಂಪ್ಯೂಟರ್‌ಗಳಿಗೆಲ್ಲ ಅವಳೇ ಮುಖ್ಯಸ್ಥೆ. ಕಚೇರಿಯವರು ಅವಳನ್ನು ಎದುರಿಗೆ ಮೇಡಂ ಅನ್ನುತ್ತಿದ್ದರು, ಬೆನ್ನ ಹಿಂದೆ ಸರ್ವರಮ್ಮ. ಯಂತ್ರವನ್ನು ತಣ್ಣಗಿಡಲು ಮೂಲೆಯಲ್ಲಿ ಇರಬೇಕಾದ ಗಾಲಿಯ ಏಸಿ ಮಾಯವಾಗಿತ್ತು.

"ಏಸಿ ಎಲ್ರೀ?"

ಜವಾನ ತಲೆ ಕೆರೆದುಕೊಂಡ. "ಸಾಹೇಬ್ರು ಸಭಾಂಗಣಕ್ಕೆ ತರಿಸ್ಕೊಂಡ್ರು ಮೇಡಂ. ಗಣ್ಯರಿಗೆ ಸೆಕೆ ಆಗುತ್ತಂತೆ."

ಗಣ್ಯರಂತೆ ಗಣ್ಯರು! ಹದಿನಾಲ್ಕು ವರ್ಷದ ಆ ಮುದಿ ಯಂತ್ರದ ಹೊಟ್ಟೆಯಲ್ಲಿದ್ದದ್ದು ಎಲ್ಲ ಆಸ್ಪತ್ರೆಗಳ ಡಯಾಲಿಸಿಸ್ ಸರದಿ. ಸಂಜೆ ನಾಲ್ಕಕ್ಕೆ ಅದು ಮರುದಿನದ ಸರದಿಯನ್ನು ರೋಗಿಗಳ ಫೋನಿಗೆ ಕಳಿಸಬೇಕು. ಅವಳ ಅಣ್ಣನೂ ಆ ಪಟ್ಟಿಯಲ್ಲಿದ್ದ. ಒಂದು ಸರದಿ ತಪ್ಪಿದರೆ ಸಾಕು, ಕಾಲು ಊದಿ ಉಸಿರಿಗೆ ಒದ್ದಾಡುತ್ತಿದ್ದ.

ಮೂರು ವರ್ಷದಿಂದ ಇಲಾಖೆಯ ಆದ್ಯತೆಗಳ ಪಟ್ಟಿಯಲ್ಲಿ ಅವಳು 'ಹೊಸ ಯಂತ್ರ' ಅಂತ ಮೊದಲು ಬರೆದದ್ದೇ ಬಂತು. ಸಾಹೇಬರು ಅದನ್ನು ಒಂಬತ್ತಕ್ಕೆ ತಳ್ಳಿ, ದುಡ್ಡು ಇಷ್ಟಕ್ಕೇ ಎಂದು ಎಂಟರ ಕೆಳಗೆ ಗೆರೆ ಎಳೆಯುತ್ತಿದ್ದರು. ಈ ಸಲ ಒಂದನೆಯದು, ಪರದೆಯ ಮೇಲೆ ನಗುನಗುತ್ತ ಜನರಿಗೆ ಉತ್ತರ ಕೊಡುವ ಗೊಂಬೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ಅದರ ಉದ್ಘಾಟನೆ ಇವತ್ತೇ.

ಯಂತ್ರ ಕೆಂಪು ದೀಪ ಮಿನುಗಿಸಿ ಕೀಂ ಎಂದಿತು. ಗಂಟೆ ಮೂರೂ ಕಾಲು. ಅವಳ ಪಿತ್ತ ನೆತ್ತಿಗೇರಿತು. "ಬನ್ನಿ ನನ್ನ ಜೊತೆ" ಎಂದು ಜವಾನನನ್ನು ಕರೆದುಕೊಂಡು ಹೊರಟಳು.

"ಜನರ ಜೀವವೇ ನಮ್ಮ ಮೊದಲ ಆದ್ಯತೆ," ಸಭಾಂಗಣದಲ್ಲಿ ಸಾಹೇಬರು ಮೈಕಿನಲ್ಲಿ ಹೇಳುತ್ತಿದ್ದರು. ಅವಳು ನೆಟ್ಟಗೆ ವೇದಿಕೆ ಹತ್ತಿ ಏಸಿಯ ಪ್ಲಗ್ ಕಿತ್ತಳು.

"ಏನಮ್ಮಾ ಇದು, ತಲೆ ಕೆಟ್ಟಿದ್ಯಾ?"

"ಹೌದು ಸರ್, ಮೂರು ವರ್ಷ ನಯವಾಗಿ ಹೇಳಿ ಹೇಳಿ ಕೆಟ್ಟಿದೆ! ನೀವು ಒಂದು ಗಂಟೆ ಬೆವರಿದ್ರೆ ಸಾಯಲ್ಲ. ಆ ಯಂತ್ರ ನಿಂತ್ರೆ ನಾಳೆ ನಾನೂರು ಜನ ಎಲ್ಲಿಗೆ ಹೋಗ್ಬೇಕು ಅಂತ ನಿಮ್ಮ ಗೊಂಬೆ ಹೇಳುತ್ತಾ?"

"ನಾಳೆಯಿಂದ ನೀನು ಕಚೇರಿಗೆ ಕಾಲಿಡಬೇಡ!"

"ಆಯ್ತು. ಇವತ್ತಿಂದು ಮುಗಿಸ್ಬಿಡ್ತೀನಿ."

ಜವಾನ ಏಸಿಯನ್ನು ಹಿಂದಿನಿಂದ ನೂಕಿದ, ಅವಳು ಮುಂದಿನಿಂದ ಎಳೆದಳು. ಗಣ್ಯರು ಕಾಲು ಮಡಚಿಕೊಂಡು ದಾರಿ ಬಿಟ್ಟರು.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಕೆಂಪು ದೀಪ ಆರಿತು. ನಾಲ್ಕಕ್ಕೆ ಸರಿಯಾಗಿ ಅಮಾನತಿನ ಆದೇಶವೂ ಅವಳ ಫೋನಿಗೆ ಬಂತು. ಮೂರು ವರ್ಷ ಒಂದು ಯಂತ್ರಕ್ಕೆ ಸಹಿ ಹಾಕದ ಕೈ, ಇದಕ್ಕೆ ಅರ್ಧ ಗಂಟೆಯಲ್ಲಿ ಹಾಕಿತ್ತು. ಹಾಳಾಗಿ ಹೋಗಲಿ ಎಂದುಕೊಳ್ಳುವಷ್ಟರಲ್ಲಿ ಅಣ್ಣನ ಕರೆ.

"ನೋಡೇ, ನಾಳೆ ಬೆಳಿಗ್ಗೆ ಆರಕ್ಕೇ ಸರದಿ ಅಂತ ಮೆಸೇಜ್ ಬಂದಿದೆ! ನಿಮ್ಮ ಇಲಾಖೆಯವರಿಗೆ ಬುದ್ಧಿ ಗಿದ್ಧಿ ಇಲ್ವಾ? ಅಷ್ಟು ಬೇಗ ಯಾರು ಕರ್ಕೊಂಡು ಹೋಗ್ತಾರೆ?"

ಅವಳು ಕಣ್ಣೊರೆಸಿಕೊಂಡಳು. "ನಾನೇ ಕರ್ಕೊಂಡು ಹೋಗ್ತೀನಿ ಕಣೋ. ನಾಳೆಯಿಂದ ನನಗೆ ಪುರುಸೊತ್ತೋ ಪುರುಸೊತ್ತು."