ಎಡಗಾಲಿನ ಕೆಂಪು ಬೂಟು

ವಸ್ತುವಿಗೆ ಗುಣಗಳಿರುತ್ತವೆ, ಅದು ಮಾಡುವ ಕೆಲಸಗಳಿರುತ್ತವೆ. ಸರಿ, ಆದರೆ ಒಂಟಿ ಬೂಟು ಏನು ಕೆಲಸ ಮಾಡುತ್ತದೆ?

ಮಗುವಿನದು. ಕೆಂಪು. ಎಡಗಾಲಿನದು. ಬಸ್ಸಿನ ಹಿಂದಿನ ಸೀಟಿನಡಿ ಸಿಕ್ಕಿದ್ದು. ಅದನ್ನು ಕೀಬೋರ್ಡಿನ ಪಕ್ಕ ಇಟ್ಟು ಅವನು ನೋಡಿದ. ಬಸ್ ನಿಲ್ದಾಣದ ನೆಲಮಾಳಿಗೆಯಲ್ಲಿ, ಜನ ಮರೆತುಹೋದ ಸಾಮಾನು ಕಾಯುತ್ತಲೇ ಅವನ ತಲೆ ಅರ್ಧ ನರೆತಿತ್ತು. ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನು. ವಸ್ತು ಎಂದರೇನು ಎಂದು ಒಂದು ಕಾಲದಲ್ಲಿ ಗಂಟಲು ಒಣಗುವವರೆಗೆ ವಾದಿಸಿದ್ದ. ಈಗ ಸಂಜೆಯ ಕಂಪ್ಯೂಟರ್ ಕ್ಲಾಸಿನಲ್ಲಿ, ಮೀಸೆ ಸರಿಯಾಗಿ ಮೂಡದ ಮೇಷ್ಟ್ರು ಆ ಪ್ರಶ್ನೆಯನ್ನು ಬೋರ್ಡಿನ ಮೇಲೆ ಎರಡು ಚೌಕ ಬರೆದು ಮುಗಿಸಿಬಿಟ್ಟಿದ್ದರು.

"ಪ್ರೋಗ್ರಾಮಲ್ಲಿ ಕ್ಲಾಸ್ ಅಂದ್ರೆ ಅಚ್ಚು ಸರ್. ಆಬ್ಜೆಕ್ಟ್ ಅಂದ್ರೆ ಅಚ್ಚಿಂದ ತೆಗೆದ ವಸ್ತು. ಅಚ್ಚು ಒಂದೇ. ಆದ್ರೆ ಪ್ರತಿ ಸಲ ಹೊಸದು ತೆಗೀಬೇಕು. ಮರೀಬೇಡಿ."

ಮರೆತದ್ದನ್ನು ಕಾಯುವುದೇ ನನ್ನ ಕೆಲಸ ಎಂದು ಹೇಳಿ ನಗಿಸಬಹುದಿತ್ತು. ಎರಡೂ ಚೌಕಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

ಇವತ್ತು ಸಾಹೇಬರು ಕೆಳಗಿಳಿದು ಬಂದು, ಮರೆತ ಸಾಮಾನಿನ ಲೆಕ್ಕಕ್ಕೆಂದು ಅವನು ಬರೆದ ಪ್ರೋಗ್ರಾಂ ನೋಡುವವರಿದ್ದರು. ಸರಿಹೋದರೆ ಮೇಲಿನ ಮಹಡಿಯ ಕಂಪ್ಯೂಟರ್ ವಿಭಾಗ, ಅಲ್ಲಿ ಕಿಟಕಿಗಳಿವೆ. ಇಲ್ಲದಿದ್ದರೆ ನಿವೃತ್ತಿಯವರೆಗೂ ಈ ಟ್ಯೂಬ್‌ಲೈಟು, ಈ ಕಪಾಟು, ಈ ವಾಸನೆ. ಬೆಳಿಗ್ಗೆ ಹೆಂಡತಿ ಅವನ ಅಂಗಿಗೆ ಇಸ್ತ್ರಿ ಹಾಕುತ್ತ ಅಂದಿದ್ದಳು:

"ನಮ್ಮಕ್ಕನಿಗೆ ಹೇಳಿಬಿಟ್ಟಿದ್ದೀನಿ, ಇವರು ಮೇಲೆ ಹೋಗ್ತಾರೆ ಅಂತ."

"ಹೂಂ."

"ಮೇಲೆ ಅಂದ್ರೆ ಎಲ್ಲಿಗೆ ಅಂತ ಕೇಳಿ ನಕ್ಕಳು. ಇವತ್ತಾದರೂ ಬಾಯಿಬಿಟ್ಟು ನಾಲ್ಕು ಮಾತಾಡಿ."

"ಹೂಂ."

"ಗೋಡೆಗೆ ಹೇಳಿದ್ರೆ ಪ್ರತಿಧ್ವನಿನಾದ್ರೂ ಬರುತ್ತೆ."

ಅದಕ್ಕೂ ಹೂಂ ಅನ್ನಲು ಹೊರಟವನು ತಡೆದುಕೊಂಡಿದ್ದ.

ಬೆಳಗಿನಿಂದ ಅವನು ಒಂದೊಂದೇ ವಸ್ತುವನ್ನು ಪರದೆಯ ಮೇಲಿನ ಖಾನೆಗಳಲ್ಲಿ ತುಂಬಿ, 'ಸೇರಿಸು' ಒತ್ತುತ್ತ ಬಂದಿದ್ದ. ನೀಲಿ ಚೀಲ. ಹಿಡಿ ಮುರಿದ ಕೊಡೆ. ಯಾರದೋ ಮದುವೆಯ ಫೋಟೊ. ಬೆರಳ ತುದಿಯಷ್ಟಿದ್ದ ಒಂದು ಕಿವಿ ಮಿಷನ್. ಅದರ ಬ್ಯಾಟರಿಯ ಪುಟ್ಟ ಮುಚ್ಚಳ ಒತ್ತಿದಾಗ ಅದು ಅಂಗೈಯಲ್ಲಿ ಸಣ್ಣಗೆ ಶಿಳ್ಳೆ ಹಾಕಿತು. ಜೀವ ಇದೆ. 'ಕೆಲಸ' ಎಂಬ ಖಾನೆಯಲ್ಲಿ 'ಕೇಳುತ್ತದೆ' ಎಂದು ಬರೆದು ಮಿಷನ್ನನ್ನು ಡ್ರಾಯರಿನಲ್ಲಿಟ್ಟ.

ಕೊನೆಯದು ಬೂಟು. ಕೆಲಸ ಎಂಬಲ್ಲಿ ಏನೂ ಬರೆಯದೆ 'ಸೇರಿಸು' ಒತ್ತಿದ. ಆಮೇಲೆ 'ಪಟ್ಟಿ' ಒತ್ತಿದ.

ಹೊಸ ವಿಂಡೋ ತೆರೆದುಕೊಂಡಿತು. ಮಗುವಿನ ಬೂಟು, ಎಡ, ಕೆಂಪು. ಅದರ ಕೆಳಗೆ ಮಗುವಿನ ಬೂಟು, ಎಡ, ಕೆಂಪು. ಮೇಲಿನಿಂದ ಕೆಳಗಿನವರೆಗೂ ಅದೇ ಬೂಟು.

ತಪ್ಪು ಏನೆಂದು ತಕ್ಷಣ ಹೊಳೆಯಿತು. ಪ್ರೋಗ್ರಾಂ ತೆರೆದಾಗ ಒಂದೇ ಒಂದು ಆಬ್ಜೆಕ್ಟ್ ಹುಟ್ಟುತ್ತಿತ್ತು. ಬೆಳಗಿನಿಂದ ಅವನು ಅದೊಂದನ್ನೇ ಮತ್ತೆ ಮತ್ತೆ ಅಳಿಸಿ ಬರೆದು, ಅದನ್ನೇ ಪಟ್ಟಿಗೆ ಪೋಣಿಸಿದ್ದ. ಮನೆಯಲ್ಲಿ ತನ್ನ ಕನ್ನಡಕವೊಂದನ್ನೇ ಪಟ್ಟಿಗೆ ಸೇರಿಸಿ ಪರೀಕ್ಷಿಸಿದ್ದರಿಂದ ಗೊತ್ತಾಗಿರಲಿಲ್ಲ. ಒಂದೇ ಇದ್ದಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಒಂದು ಸಾಲು ಬದಲಿಸಿದರೆ ಸಾಕು. ಆದರೆ ಎಲ್ಲವನ್ನೂ ಮೊದಲಿನಿಂದ ತುಂಬಬೇಕು. ಮೆಟ್ಟಿಲಿನಲ್ಲಿ ಸಾಹೇಬರ ಬೂಟಿನ ಸದ್ದು ಕೇಳಿಸಿತು. ಅವರ ಹಿಂದೆಯೇ ಕಂಬಿ ಹಿಡಿದು ಒಬ್ಬ ಮುದುಕ ಇಳಿಯುತ್ತಿದ್ದ.

"ಓಹೋ, ಪಟ್ಟಿ ತುಂಬಿಬಿಟ್ಟಿದೆ," ಎಂದರು ಸಾಹೇಬರು ದೂರದಿಂದಲೇ. ಕನ್ನಡಕ ಅವರ ಜೇಬಿನಲ್ಲೇ ಇತ್ತು. "ಈ ಅಜ್ಜನದ್ದು ಏನೋ ಕಳೆದಿದೆಯಂತೆ. ಹುಡುಕಿ, ನೋಡೋಣ."

"ಕಿವಿ ಮಿಷನ್ನು," ಎಂದ ಮುದುಕ ಗಟ್ಟಿಯಾಗಿ. "ಮಗಳು ಕೊಡಿಸಿದ್ದು. ಅವಳಿಗಿನ್ನೂ ಹೇಳಿಲ್ಲ."

ಡ್ರಾಯರು ಅವನ ಮೊಣಕೈ ಕೆಳಗಿತ್ತು. ಅವನು 'ಕಿವಿ ಮಿಷನ್' ಎಂದು ಟೈಪ್ ಮಾಡಿ 'ಹುಡುಕು' ಒತ್ತಿದ. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು: ಇಲ್ಲ.

"ಇಲ್ಲ," ಎಂದ.

"ಆಂ?"

"ಇಲ್ಲ ಅಜ್ಜ."

"ಭೇಷ್," ಎಂದರು ಸಾಹೇಬರು. "ಮೊದಲಾಗಿದ್ರೆ ಇಲ್ಲ ಅನ್ನೋಕೆ ಅರ್ಧ ದಿನ ಬೇಕಿತ್ತು."

ಮುದುಕ ಕೌಂಟರಿನ ಮೇಲೆ ಬಾಗಿ ಪರದೆಯ ಹತ್ತಿರ ಮುಖ ತಂದ. ತುಟಿ ಅಲ್ಲಾಡಿಸುತ್ತ ಓದಿದ. "ಎಲ್ಲಾ ಬರೀ ಬೂಟೇ ಇದೆಯಲ್ಲಪ್ಪ. ಒಂದೇ ಬೂಟು."

ಅವನ ಕಿವಿ ಬಿಸಿಯಾಯಿತು.

"ಪಾಪ," ಎಂದರು ಸಾಹೇಬರು. "ಕಿವಿ ಹೋಗಿದ್ದಾಯ್ತು, ಈಗ ಕಣ್ಣಿನ ಸರದಿ."

ಅವನು ನಕ್ಕ. ನಗು ತಾನಾಗಿಯೇ ಬಂದಿತ್ತು. ತುಂಬ ದಿನದ ಮೇಲೆ. ಇಬ್ಬರೂ ನಗುವುದನ್ನು ನೋಡಿ, ಏನೆಂದು ತಿಳಿಯದೆ, ಮುದುಕನೂ ನಕ್ಕ. ಆಮೇಲೆ ಕೈ ಮುಗಿದು ಮೆಟ್ಟಿಲು ಹತ್ತಿದ.

"ಸೋಮವಾರದಿಂದ ಮೇಲೆ ಬಂದುಬಿಡಿ," ಎಂದು ಸಾಹೇಬರೂ ಹೊರಟರು.

ನಾಲ್ಕು ಮಾತಾಡಬೇಕಿತ್ತು. "ಹೂಂ ಸರ್," ಎಂದ.

ಡ್ರಾಯರು ತೆರೆದಾಗ ಕಿವಿ ಮಿಷನ್ನು ಅಲ್ಲೇ ಇತ್ತು. ಇಲ್ಲದೆ ಎಲ್ಲಿಗೆ ಹೋಗುತ್ತದೆ? ಅವನು ಅದನ್ನು ಎತ್ತಿಕೊಂಡು ಎರಡೆರಡು ಮೆಟ್ಟಿಲು ಹಾರಿ ಹತ್ತಿದ. ಪ್ಲಾಟ್‌ಫಾರ್ಮಿನ ಜನರ ನಡುವೆ ಮುದುಕನ ಬಾಗಿದ ಬೆನ್ನು ಕಂಡಿತು, ಒಂದು ಬಸ್ಸಿನ ಬಾಗಿಲ ಹತ್ತಿರ.

"ಅಜ್ಜಾ," ಎಂದು ಕೂಗಿದ.

ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸೌತೆಕಾಯಿ ಮಾರುವವಳು, ಟಿಕೆಟ್ ಹರಿಯುತ್ತಿದ್ದ ಕಂಡಕ್ಟರು, ತಾಯಿಯ ಹೆಗಲ ಮೇಲಿನ ಮಗು. ಆ ಒಂದು ಬೆನ್ನು ಮಾತ್ರ ತಿರುಗಲಿಲ್ಲ. ಕಂಬದ ಬಳಿ ಡ್ರೈವರನ ಜೊತೆ ಮಾತಾಡುತ್ತಿದ್ದ ಸಾಹೇಬರು ತಿರುಗಿದರು.

"ಏನ್ರೀ?"

"ಏನಿಲ್ಲ ಸರ್."

ಬಸ್ಸಿನ ಬಾಗಿಲು ಇನ್ನೂ ತೆರೆದೇ ಇತ್ತು. ಹತ್ತು ಹೆಜ್ಜೆ ಇರಬಹುದು. ಅವನು ಕೈಯನ್ನು ಬೆನ್ನ ಹಿಂದೆ ಮಡಚಿಕೊಂಡು ನಿಂತ. ಮುಷ್ಟಿಯೊಳಗೆ ಅದು ಸಣ್ಣಗೆ ಶಿಳ್ಳೆ ಹಾಕತೊಡಗಿತು. ಯಾರಿಗಾದರೂ ಕೇಳಿಸೀತೆಂದು ಅವನು ಮುಷ್ಟಿ ಬಿಗಿ ಮಾಡಿದ. ಬಿಗಿ ಮಾಡಿದಷ್ಟೂ ಅದು ಜೋರಾಯಿತು.