ಎಲ್ಲಾ ಕೋಣೆಗಳಿಗೂ

ವಿಜಯವಾಡದ ಆ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೇಳು ವರ್ಷವಾಗಿತ್ತು. ಅಷ್ಟು ವರ್ಷಗಳಲ್ಲಿ ಹೇಮಾಕ್ಷಿ ಹತ್ತು ಜನರೆದುರು ಹಾಡಿದ್ದು ಒಂದೇ ಸಲ, ಅದೂ ಮನೆ ತುಂಬಿಸಿಕೊಂಡ ದಿನ. ಆರತಿ ಹೊತ್ತಿಗೆ ಯಾರೋ ಹಾಡು ಅಂದರು. ದಾವಣಗೆರೆಯಿಂದ ಬಂದ ಹುಡುಗಿ, ಹಿಂದುಮುಂದು ನೋಡದೆ ಅವ್ವ ಕಲಿಸಿದ ಹಾಡನ್ನು ಎತ್ತಿಕೊಂಡಳು. ಅವರ ಕಡೆ ಆರತಿ ಹಾಡಿಗೆ ಒಂದು ಪದ್ಧತಿ. ಹಸೆಯ ಮೇಲೆ ಕೂತವರ ಹೆಸರು, ಅವರ ತಾಯಿ, ಅಜ್ಜಿಯರ ಹೆಸರುಗಳನ್ನು ನುಡಿಯೊಳಗೇ ಪೋಣಿಸಿ ಹಾಡಬೇಕು. ಹೆಸರಿಲ್ಲದೆ ಎತ್ತಿದ ಆರತಿ ಯಾರಿಗೆ ಸೇರಬೇಕು ಅನ್ನುವುದು ಅವ್ವನ ವಾದ.

ಎರಡನೇ ನುಡಿ ಮುಗಿದಿರಲಿಲ್ಲ, ಗಂಡನ ಅಕ್ಕ ಗಂಗಾಭವಾನಿ ಬಾಯಿಗೆ ಸೆರಗು ಅಡ್ಡ ಹಿಡಿದು, "ಇದೇನಿದು, ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ಊರುಗಳ ಹೆಸರು ಕೂಗಿದ ಹಾಗಿದೆ!" ಅಂದಳು. ಹೆಂಗಸರೆಲ್ಲ ನಕ್ಕರು. ಅತ್ತೆ ಹೈಮಾವತಿ ನಗಲಿಲ್ಲ. "ಇರಲಿ ಬಿಡಮ್ಮಾ, ನಮ್ಮ ಹಾಡುಗಳನ್ನ ನಿಧಾನಕ್ಕೆ ಕಲಿತುಕೊಳ್ಳುವೆಯಂತೆ" ಅಂದರು. ಆ ಹೆಂಗಸರ ನಗುವನ್ನು ಹೇಮಾಕ್ಷಿ ಹೇಗೋ ನುಂಗಿಕೊಂಡಳು. ಆ ಸಮಾಧಾನದ ಮಾತು ಮಾತ್ರ ಗಂಟಲಲ್ಲೇ ಉಳಿಯಿತು. ಆಮೇಲೆ ತೆಲುಗು ಕಲಿತಳು, ತೆಲುಗಿನಲ್ಲೇ ಜಗಳವಾಡಿದಳು, ಕನಸು ಕೂಡ ಅರ್ಧ ತೆಲುಗಿನಲ್ಲೇ ಬೀಳುತ್ತಿತ್ತು. ಜನರೆದುರು ಮಾತ್ರ ಹಾಡಲಿಲ್ಲ. ಆರತಿ ಹೊತ್ತಿಗೆ ತಟ್ಟೆ ಹಿಡಿದು ಸುಮ್ಮನೆ ನಿಲ್ಲುತ್ತಿದ್ದಳು.

ಈಗ ವಿಶಾಖಪಟ್ಟಣದಲ್ಲಿರುವ ಮಗಳು ಅಖಿಲಾಗೆ ಏಳು ತಿಂಗಳು. ಬರುವ ಭಾನುವಾರ ಅಲ್ಲೇ ಸೀಮಂತ.

"ಅಮ್ಮಾ, ಆವತ್ತು ನೀನು ಹಾಡಬೇಕು" ಅಂದಿದ್ದಳು ಫೋನಿನಲ್ಲಿ. "ಚಿಕ್ಕವಳಿದ್ದಾಗ ನನ್ನ ಮಲಗಿಸೋವಾಗ ಹಾಡ್ತಿದ್ದೆಯಲ್ಲ, ಕನ್ನಡದ್ದು."

"ನನ್ನ ಗಂಟಲು ಎಲ್ಲಿದೆ ಈಗ? ಅಲ್ಲಿ ಯಾರಿಗೆ ಅರ್ಥ ಆಗತ್ತೆ?"

"ನನಗೇ ಅರ್ಧ ಅರ್ಥ ಆಗಲ್ಲ. ಪರವಾಲೇದು, ಹಾಡು."

ನೋಡೋಣ ಅಂದು ಫೋನಿಟ್ಟಳು. ತನ್ನ ದನಿ ಈಗ ಹೇಗಿದೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಹೊರಗಿನವರ ಕಿವಿಗೆ ಅದು ಹೇಗೆ ಬೀಳುತ್ತದೋ, ಹಾಗೆ ಒಮ್ಮೆ ಕೇಳಬೇಕಿತ್ತು.

ಅದಕ್ಕೆ ಒದಗಿಬಂದದ್ದು ಅಳಿಯ ಸಾಯಿತೇಜ ಸಂಕ್ರಾಂತಿಗೆ ಬಂದಾಗ ಕೂರಿಸಿಹೋಗಿದ್ದ ಹಾಡಿನ ಪೆಟ್ಟಿಗೆ. ರೂಟರ್ ಪಕ್ಕ ಒಂದು ಪುಟ್ಟ ಕಪ್ಪು ಡಬ್ಬಿ. ಹಾಲಿನಲ್ಲೊಂದು, ದೇವರ ಮನೆಯಲ್ಲೊಂದು, ಅಡುಗೆಮನೆಯ ಉಪ್ಪಿನಕಾಯಿ ಜಾಡಿಗಳ ನಡುವೆ ಒಂದು ಸ್ಪೀಕರ್. ಒಂದಕ್ಕೊಂದು ತಂತಿಯಿಲ್ಲ, ಎಲ್ಲ ವೈಫೈ. ಫೋನಿನಲ್ಲಿ ಬೆರಳಿಟ್ಟರೆ ಬೇಕಾದ ಕೋಣೆಯಲ್ಲಿ ಬೇಕಾದ ಹಾಡು. ಆಟೋನಗರದಲ್ಲಿ ಲಾರಿ ರಿಪೇರಿ ಶೆಡ್ ನಡೆಸುವ ಗಂಡ ದುರ್ಗಾಪ್ರಸಾದ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಒಂದು ನಟ್ಟಿಲ್ಲ, ಬೋಲ್ಟಿಲ್ಲ, ಕೆಟ್ಟರೆ ಏನು ಬಿಚ್ಚೋದು?" ಎಂದು ಕೈಬಿಟ್ಟಿದ್ದ.

ಹೈಮಾವತಿಗೆ ಕಿವಿ ಸ್ವಲ್ಪ ಮಂದ. ಬೆಳಗಿನ ಸ್ತೋತ್ರ ಮನೆಯ ಮೂಲೆಮೂಲೆಯಲ್ಲೂ ಬೀಳಬೇಕು, ಜೋರಾಗಿಯೇ ಬೀಳಬೇಕು ಅನ್ನುವುದು ಅವರ ಕಟ್ಟಪ್ಪಣೆ. ಹಾಗಾಗಿ ದಿನಾ ಬೆಳಗ್ಗೆ ಹೇಮಾಕ್ಷಿ ಫೋನಿನಲ್ಲಿ 'ಎಲ್ಲಾ ಕೋಣೆಗಳು' ಅನ್ನುವುದನ್ನು ಒತ್ತುವಳು. ಸ್ತೋತ್ರ ಮುಗಿದ ಮೇಲೆ ಅಡುಗೆಮನೆಯ ಸ್ಪೀಕರನ್ನು ಮರೆಯದೆ ಬೇರೆ ಮಾಡುವಳು. ಆಮೇಲೆ ಬಾಗಿಲು ಮುಂದೆ ಮಾಡಿಕೊಂಡು ಫೋನಿಗೆ ಒಂದೊಂದೇ ನುಡಿ ಹಾಡಿ ತುಂಬಿಸಿ, ಜಾಡಿಗಳ ನಡುವಿನಿಂದ ಅದನ್ನೇ ಕೇಳಿಸಿಕೊಳ್ಳುವಳು. ಮೊದಲ ದಿನ ಆ ದನಿ ಯಾರದೋ ಅನ್ನಿಸಿತು. ಮೂರನೇ ದಿನ ತಪ್ಪುಗಳು ಕೇಳತೊಡಗಿದವು: ಸಾಲಿನ ಕೊನೆಗೆ ಉಸಿರು ಸಾಲದು, ಹೆಸರು ಬಂದಾಗಲೆಲ್ಲ ನಾಚಿಕೆಯಿಂದ ದನಿ ಇಳಿದುಬಿಡುತ್ತದೆ. ಮತ್ತೆ ಹಾಡಿದಳು. ಹೆಸರನ್ನು ಬಿಡಿಸಿ, ಗಟ್ಟಿಯಾಗಿ.

ಬುಧವಾರ ಬೆಳಗ್ಗೆಯೇ ಗಂಗಾಭವಾನಿ ಕೊಂಡಪಲ್ಲಿಯಿಂದ ಬಂದಿಳಿದಳು. ಸೀಮಂತದ ಕೆಲಸಕ್ಕೆಂದೇ ಬಂದದ್ದು. ಕಾಫಿ, ತಿಂಡಿಯ ಗಡಿಬಿಡಿ ಮುಗಿದು ತಾಯಿ ಮಗಳಿಬ್ಬರೂ ಹಾಲಿನಲ್ಲಿ ಕೂತು ಆರತಿಗೆ ಹೂಬತ್ತಿ ಹೊಸೆಯತೊಡಗಿದ ಮೇಲೆ, ಹೇಮಾಕ್ಷಿ ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಫೋನಿಗೆ ತುಂಬಿಸಿದ್ದ ಹಾಡು ಹಚ್ಚಿದಳು.

ಹಾಲು, ದೇವರ ಮನೆ, ಅಡುಗೆಮನೆ ಮೂರರಲ್ಲೂ ಅವಳ ದನಿ ಒಟ್ಟಿಗೇ ಎದ್ದಿತು.

*ಹೊನ್ನ ಹಸೆಯ ಮೇಲೆ ಕೂತಾಳೆ ಅಖಿಲಮ್ಮ,*
*ಹೈಮಾವತಮ್ಮನ ಮುದ್ದು ಮೊಮ್ಮಗಳು...*

ಆವತ್ತಿನ ಗಡಿಬಿಡಿಯಲ್ಲಿ ಅಡುಗೆಮನೆಯನ್ನು ಬೇರೆ ಮಾಡುವುದು ಮರೆತಿದ್ದಳು. ನಿಲ್ಲಿಸಲು ಹೋದಳು. ಒದ್ದೆ ಬೆರಳಿಗೆ ಫೋನು ಮಾತು ಕೇಳಲಿಲ್ಲ.

"ಒಸೇ ಹೇಮಾ!" ಅತ್ತೆ ಕೂಗಿದರು. "ಈ ಪೆಟ್ಟಿಗೆಗೆ ನನ್ನ ಹೆಸರು ಯಾರು ಹೇಳಿಕೊಟ್ಟರು?"

ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. "ಅದು... ಇಂಟರ್ನೆಟ್ಟಿನಲ್ಲಿ ಬರುತ್ತೆ ಅತ್ತಯ್ಯಾ."

"ಹೌದಾ?" ಗಂಗಾಭವಾನಿ ಹುಬ್ಬೇರಿಸಿದಳು. "ನಮ್ಮ ಅಖಿಲಾ ಬಸುರಿ ಅಂತ ಇಂಟರ್ನೆಟ್ಟಿಗೂ ಸುದ್ದಿ ಮುಟ್ಟಿತಾ? ನಾನಂತೂ ಹೇಳಿಲ್ಲಪ್ಪಾ."

ಹೇಮಾಕ್ಷಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಇನ್ನೊಂದು ಸುಳ್ಳು ನಾಲಿಗೆಯ ತುದಿವರೆಗೂ ಬಂದಿತ್ತು. "ನಾನೇ ಹಾಡಿದ್ದು" ಅಂದುಬಿಟ್ಟಳು.

ಹೈಮಾವತಿ ಕೈಯಲ್ಲಿದ್ದ ಹತ್ತಿಯನ್ನು ತಟ್ಟೆಗಿಟ್ಟರು. "ಇನ್ನೊಂದು ಸಲ ಹಾಕು."

ಪರೀಕ್ಷೆಗೆ ನಿಂತ ಹುಡುಗಿಯ ಹಾಗೆ ಅವಳು ಗೋಡೆಗೊರಗಿ ನಿಂತಳು. ಅತ್ತೆ ತಲೆ ಓರೆ ಮಾಡಿ ಕೇಳಿದರು. ತಮ್ಮ ಹೆಸರು ಬಂದಾಗ ಕಣ್ಣರೆಪ್ಪೆ ಅದುರಿತು. ಎಂಬತ್ತು ಮುಟ್ಟುತ್ತಿದ್ದ ಆ ಹೆಂಗಸನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ ಎಂದು ಹೇಮಾಕ್ಷಿಗೆ ಆಗಲೇ ಹೊಳೆದದ್ದು. ಎಲ್ಲರಿಗೂ ಅವರು ಅಮ್ಮ, ಅತ್ತಯ್ಯ, ಇಲ್ಲವೇ ಮೊಮ್ಮಕ್ಕಳ ಮಾಮ್ಮ.

"ನನ್ನ ಹೆಸರಿದೆ. ನಿನ್ನ ತಾಯಿ ಹೆಸರು ಎಲ್ಲಿ?"

"ಹಾಕಿಲ್ಲ."

"ಯಾಕೆ?"

ಹೇಮಾಕ್ಷಿ ನೆಲ ನೋಡಿದಳು. ಜನ ನಕ್ಕರೆ ತನ್ನ ಮೇಲೆ ನಗಲಿ, ತೀರಿಕೊಂಡ ಅವ್ವನ ಹೆಸರಿನ ಮೇಲೆ ಆ ನಗು ಬೀಳಬಾರದು ಎಂದುಕೊಂಡು ಬಿಟ್ಟಿದ್ದಳು. ಅದನ್ನು ಹೇಳುವುದು ಹೇಗೆ? "ಆವತ್ತು ಎಲ್ಲರೂ ನಕ್ಕಿರಿ..." ಎಂದಷ್ಟೇ ಅಂದಳು.

"ಯಾವತ್ತು?" ಗಂಗಾಭವಾನಿ ನಿಜವಾಗಿಯೂ ಬೆರಗಾದಳು. "ಯಾರು? ನಾನಾ? ನನಗೆ ನೆನಪೇ ಇಲ್ಲ ಮಾರಾಯ್ತಿ!"

ಇಪ್ಪತ್ತೇಳು ವರ್ಷ ತಾನು ಹೊತ್ತುಕೊಂಡು ತಿರುಗಿದ್ದು ಅವಳಿಗೆ ನೆನಪೇ ಇಲ್ಲ. ಸಿಟ್ಟು ಬರಬೇಕಿತ್ತು, ಸುಸ್ತಾಯಿತು ಅಷ್ಟೇ.

ಗಂಗಾಭವಾನಿಗೆ ಏನೋ ನಾಟಿರಬೇಕು. ದನಿ ತಗ್ಗಿಸಿದಳು. "ಚೆನ್ನಾಗಿದೆ ಹೇಮಾ, ಸುಳ್ಳು ಹೇಳ್ತಿಲ್ಲ. ಅಖಿಲಾಳ ವೈಜಾಗಿನ ಮನೆಯಲ್ಲೂ ಸಾಯಿ ಇಂಥದೇ ಪೆಟ್ಟಿಗೆ ಇಟ್ಟಿದ್ದಾನಲ್ಲ, ಇದನ್ನೇ ಅಲ್ಲಿ ಹಾಕಿಬಿಡೋಣ. ನೀನು ತಟ್ಟೆ ಹಿಡಿದು ನಿಂತರೆ ಆಯಿತು. ತಪ್ಪೋ ಭಯವಿಲ್ಲ, ದನಿ ನಡುಗೋ ಭಯವಿಲ್ಲ."

ಕ್ಷಣಕಾಲ ಹೇಮಾಕ್ಷಿಗೆ ಹೆಗಲ ಭಾರ ಇಳಿದಂತಾಯಿತು. ಮಗಳ ಆಸೆಯೂ ತೀರಿತು, ತಾನೂ ಬಚಾವು. ಆದರೆ ಆ ದೃಶ್ಯ ಕಣ್ಣಿಗೆ ಕಟ್ಟಿತು: ಮೂಲೆಯಿಂದ ತನ್ನದೇ ದನಿ ಬರುತ್ತಿದೆ, ಮಗಳೆದುರು ತಾನು ಬಾಯಿ ಮುಚ್ಚಿ ತಟ್ಟೆ ಹಿಡಿದು ನಿಂತಿದ್ದಾಳೆ. ಎಂದಿನ ಹಾಗೆ.

"ಬೇಡ ವದಿನಾ" ಅಂದಳು ಗಂಗಾಭವಾನಿಗೆ. "ನಾನೇ ಹಾಡ್ತೀನಿ. ತಪ್ಪಿದರೆ ತಪ್ಪಲಿ."

ಹೈಮಾವತಿ ಮತ್ತೆ ಹತ್ತಿ ಕೈಗೆತ್ತಿಕೊಂಡರು.

ಶನಿವಾರ ವಿಶಾಖಪಟ್ಟಣದ ರೈಲಿನಲ್ಲಿ ಅನಕಾಪಲ್ಲಿ ದಾಟುವವರೆಗೂ ಹೇಮಾಕ್ಷಿ ಕಿಟಕಿಯ ಕಡೆ ಮುಖ ಮಾಡಿ ತುಟಿಯಲ್ಲೇ ಹಾಡಿಕೊಳ್ಳುತ್ತಿದ್ದಳು. ಅವ್ವನ ಹೆಸರನ್ನು ನುಡಿಗೆ ಕೂರಿಸಲು ಒಂದು ಮಾತು ಹಿಗ್ಗಿಸಬೇಕಿತ್ತು, ಇನ್ನೊಂದನ್ನು ಕುಗ್ಗಿಸಬೇಕಿತ್ತು. ತಾಳಕ್ಕೆ ಅದು ಸರಿಯಾಗಿ ಕೂರಲೇ ಇಲ್ಲ.

ಭಾನುವಾರ ಅಖಿಲಾಳ ಮೂರನೇ ಮಹಡಿಯ ಮನೆ ತುಂಬಿ ತುಳುಕುತ್ತಿತ್ತು. ಹಸಿರು ಬಳೆ ತೊಟ್ಟು ಮಗಳು ಕುರ್ಚಿಯಲ್ಲಿ ಕೂತಿದ್ದಳು. ಪೆಟ್ಟಿಗೆಯಿಂದ ನಾದಸ್ವರ ಹರಿಯುತ್ತಿತ್ತು.

"ಸಾಯಿ, ಅದನ್ನ ಸ್ವಲ್ಪ ನಿಲ್ಲಿಸಪ್ಪಾ" ಅಂದಳು ಹೇಮಾಕ್ಷಿ.

ನಿಂತಿತು. ಮಾತುಗಳೂ ನಿಂತವು. ಬಾಲ್ಕನಿಯಿಂದ ಬಂದ ಕಡಲಗಾಳಿಗೆ ದೀಪ ವಾಲಿತು. ಗಂಗಾಭವಾನಿ ಅಂಗೈ ಅಡ್ಡ ಹಿಡಿದಳು. ಮೊದಲ ಸಾಲು ತೀರಾ ಮೇಲಕ್ಕೆ ಹೋಯಿತು, ಎರಡನೆಯದರಲ್ಲಿ ಉಸಿರು ಕಡಿಯಿತು. ಅಖಿಲಾ ಕಣ್ಣೆತ್ತಿ ನೋಡುತ್ತಿದ್ದಳು, ಚಿಕ್ಕವಳಿದ್ದಾಗ ನಿದ್ದೆಗೆ ಮೊದಲು ನೋಡುತ್ತಿದ್ದ ಹಾಗೆ. ಮೂರನೇ ಸಾಲಿನಲ್ಲಿ ಹೇಮಾಕ್ಷಿ ಅವ್ವನ ಹೆಸರು ಹೇಳಿದಳು: ಜಲಜಮ್ಮ. ತಾಳ ಒಂದು ಗೇಣು ಆಚೆ ಸರಿಯಿತು.

ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು: "ಜಲಜಮ್ಮ ಯಾರು?"

ಕಿವಿ ಮಂದವಾದವರು ಮಾತಾಡುವಷ್ಟೇ ಜೋರಾಗಿ ಹೈಮಾವತಿ ತಿರುಗಿ ಉತ್ತರ ಕೊಟ್ಟರು. "ಹುಡುಗಿಯ ಇನ್ನೊಬ್ಬ ಅಜ್ಜಿ. ಸುಮ್ಮನೆ ಹಾಡು ಕೇಳಿ."

ಹೇಮಾಕ್ಷಿ ಉಸಿರು ತೆಗೆದುಕೊಂಡು ಮುಂದಿನ ನುಡಿ ಎತ್ತಿದಳು.