ಆಚೆಗೆ ಬಂದ ಗೋಡೆ

“ಲೇ ಮರಿತಾಯಿ, ಸಾಯೇಬ್ರು ಬಂದಾಗ ಬಾಯಿಗ್ ಬಟ್ಟೆ ತುರ್ಕಂಡ್ ನಿಂತ್ಕಬೇಕು, ಗೊತ್ತಾಯ್ತಾ? ಒಂದ್ ಮಾತಾಡುದ್ರೂ ನಿನ್ ಮಡಕೆ ಕುಡಿಕೆನೆಲ್ಲ ರೋಡ್ಗೆಸಿತೀನಿ, ಸೂಳೆಮುಂಡೆ!”

ಬೇಗೂರಿನ ಹೆದ್ದಾರಿ ಪಕ್ಕ ಅರಿಶಿನ ಮಂಡಿ ಇಟ್ಟಿದ್ದ ಮರಿಮಲ್ಲಪ್ಪ ಇದನ್ನು ಹೇಳಿದ್ದು ಮರಿತಾಯಮ್ಮನ ಬಾಗಿಲಿಗೆ ಮಾರುದೂರದಲ್ಲಿ ನಿಂತು. ಹೊಲಗೇರಿಯವರ ಕೋಣೆ, ಹೊಸ್ತಿಲು ದಾಟಿದರೆ ಮನೆಗೆ ಹೋಗಿ ಮೀಯಬೇಕಲ್ಲ! ಅವರು ಬೇಯಿಸಿ, ಒಣಗಿಸಿ, ಉಜ್ಜಿದ ಅರಿಶಿನ ಮಾತ್ರ ಅವನ ಮನೆಯ ಸಾರಿಗೂ ದೇವರ ಕೋಣೆಗೂ ಒಗ್ಗುತ್ತಿತ್ತು.

ಮಂಡಿಯ ಹಿಂದೆ ಕೂಲಿಯವರಿಗೆಂದು ಸಾಲಾಗಿ ಕಟ್ಟಿಸಿದ ಕೋಣೆಗಳು. ನಡುವಿನ ಗೋಡೆಗಳು ಆಳೆತ್ತರಕ್ಕೇ ನಿಂತುಬಿಟ್ಟಿದ್ದವು. ಮೇಲೆ ತಗಡಿನವರೆಗೆ ಬರೀ ಬಯಲು. ಆ ಸಂದಿಯಲ್ಲೇ ಹೆಂಗಸರು ಉಪ್ಪು ದಾಟಿಸುವರು, ಒಲೆ ಹಚ್ಚಲು ಒಡೆದ ಮಡಕೆಯ ಬೋಕಿಯಲ್ಲಿ ಕೆಂಡ ದಾಟಿಸುವರು, ಮರಿಮಲ್ಲಪ್ಪನ ಮೇಲಿನ ಬೈಗುಳಗಳನ್ನೂ ದಾಟಿಸುವರು. ಬೇಸಿಗೆಯಲ್ಲಿ ತಗಡು ಕಾದು ತಲೆ ಸಿಡಿಯುತ್ತದೆಂದು ಅವರೇ ಖಾಲಿ ಅರಿಶಿನದ ಚೀಲಗಳನ್ನು ಹೊಲಿದು, ಸಾಲಿನ ಉದ್ದಕ್ಕೂ ತಗಡಿನ ಕೆಳಗೆ ಕಟ್ಟಿದ್ದರು. ತಣ್ಣಗಿದೆ ಎಂದು ಬೀಗಿದ್ದೂ ಬೀಗಿದ್ದೇ.

ಹೋದ ಬೇಸಿಗೆ ಪುಟ್ಟಸಿದ್ದಮ್ಮನ ಒಲೆಯ ಕಿಡಿಯೊಂದು ಆ ಚೀಲಕ್ಕೆ ಹಾರಿತು. ಬೆಂಕಿಗೆ ಯಾವ ಗೋಡೆಯೂ ಅಡ್ಡ ಬರಲಿಲ್ಲ. ಚೀಲದಿಂದ ಚೀಲಕ್ಕೆ ಓಡಿತು, ಪಕ್ಕದ ಕೋಣೆಯಲ್ಲಿ ಮಲಗಿದ್ದ ಮರಿತಾಯಮ್ಮನ ಮಗಳು ಭಾನುವಿನ ಬೆನ್ನ ಮೇಲೆ ಚೀಲವೊಂದು ಉರಿಯುತ್ತಲೇ ಕಳಚಿ ಬಿತ್ತು. ಹುಡುಗಿ ಉಳಿದಳು. ಆದರೆ ಇವತ್ತಿಗೂ ಬೋರಲು ಮಲಗುತ್ತಾಳೆ, ಒಲೆಯ ಹತ್ತಿರ ಸುಳಿಯುವುದಿಲ್ಲ. ಮರಿಮಲ್ಲಪ್ಪ ಅವಳು ಹೇಗಿದ್ದಾಳೆಂದು ಕೇಳಲಿಲ್ಲ. “ಚೀಲ ಕಟ್ದೋರ್ ಯಾರ್ಲಾ?” ಎಂದಷ್ಟೇ ಕೇಳಿದ.

ಸುದ್ದಿ ಮೇಲಧಿಕಾರಿಗಳವರೆಗೆ ಹೋಗಿ ಒಂದು ಆದೇಶ ಬಂತು. ಕೋಣೆ ಕೋಣೆಯ ನಡುವೆ ಗೋಡೆ ತಗಡು ಮುಟ್ಟುವಂತೆ ಏಳಬೇಕು, ಬೆಂಕಿ ಹಿಡಿಯದ ಸಾಮಾನಿನದೇ ಆಗಬೇಕು. ಇಲ್ಲದಿದ್ದರೆ ಸಾಲಿಗೂ ಬೀಗ, ಮಂಡಿಗೂ ಬೀಗ.

ಒಂದು ದಿನ ಹೆಂಗಸರು ಅರಿಶಿನ ಬೇಯಿಸಿ ಸಂಜೆಗೆ ವಾಪಸಾದರೆ, ಬೂದುಬಣ್ಣದ ಗೋಡೆಗಳು ತಗಡಿನವರೆಗೆ ಎದ್ದು ನಿಂತಿದ್ದವು.

“ಏನಾರ ಅನ್ನು, ಅವನ ಎದೇಲೂ ಒಸಿ ಕರುಣೆ ಅದೆ ಕಣಕ್ಕ,” ಎಂದಳು ಪುಟ್ಟಸಿದ್ದಮ್ಮ.

ಮರಿತಾಯಮ್ಮನಿಗೆ ನಂಬಿಕೆ ಬರಲಿಲ್ಲ. ಸಂಜೆ ಬಿಡುವಾಗ ಅರಿಶಿನದ ಕೊಂಬು ಕದ್ದಿದ್ದೀರೆಂದು ಮಡಿಲು ಕೊಡವಿಸಿ ನೋಡುವ ಮನುಷ್ಯ ಇವನು. ಅಂಗಳದಲ್ಲಿ ಇಟ್ಟಿಗೆ ಚೂರಿಲ್ಲ, ಮರಳಿನ ಗುರುತಿಲ್ಲ. ಗೋಡೆ ಎದ್ದರೂ ಪುಟ್ಟಸಿದ್ದಮ್ಮನ ಕೆಮ್ಮು ಮೊದಲಿನಷ್ಟೇ ಕೇಳುತ್ತಿದೆ. ಇದ್ಯಾವ ಸೀಮೆಯ ಗೋಡೆ?

ಬೆಂಕಿಯಲ್ಲಿ ಸುಟ್ಟುಹೋದ ಮಾದಪ್ಪ ದೇವರ ಪಟದ ಬದಲಿಗೆ ಹೊಸದೊಂದು ತಂದಿಟ್ಟಿದ್ದಳು. ಅದನ್ನು ಎತ್ತರದಲ್ಲಿ ತೂಗುಹಾಕೋಣವೆಂದು ಒರಳಿನ ಮೇಲೆ ಹತ್ತಿ, ಒಂದು ಕೈಯಲ್ಲಿ ಮೊಳೆ, ಇನ್ನೊಂದರಲ್ಲಿ ಗುಂಡುಕಲ್ಲು ಹಿಡಿದಳು. ಕಲ್ಲು ಬೇಕಾಗಲೇ ಇಲ್ಲ. ಹೆಬ್ಬೆರಳಲ್ಲಿ ಒತ್ತಿದ್ದಕ್ಕೇ ಮೊಳೆ ಬುಡದವರೆಗೂ ಇಳಿದುಹೋಯಿತು. ಕಿತ್ತು ನೋಡಿದರೆ ಮೊಳೆಗೆ ಬಿಳೀ ಕಾಳು ಅಂಟಿತ್ತು.

“ಟೀವಿ ಡಬ್ಬದೊಳ್ಗೆ ಇಕ್ಕಿರ್ತರಲ್ಲ, ಅದು ಕಣವ್ವ. ಥರ್ಮಾಕೋಲು,” ಎಂದಳು ಭಾನು. “ಮೇಲ್ಗಡೆ ಸಿಮೆಂಟ್ ನೀರು ಬಳ್ದವ್ರೆ.”

ಮರಿತಾಯಮ್ಮ ಒಂದು ಚೂರನ್ನು ಒಲೆಗೆ ಹಿಡಿದದ್ದೇ ತಡ, ಭಗ್ಗೆಂದು ಹತ್ತಿ, ಕರಗಿ, ಉರಿಯುವ ಹನಿಗಳಾಗಿ ಸುರಿಯಿತು. ಭಾನು ಕಿರುಚಿಕೊಂಡು ಆಚೆಗೆ ಓಡಿದಳು. ಚೀಲಕ್ಕಿಂತ ಕೆಟ್ಟದ್ದನ್ನು ಮಗಳ ತಲೆಯ ಮೇಲೆ ನಿಲ್ಲಿಸಿದ್ದಾನೆ, ಪಾಪಿ!

“ಸುಮ್ಕಿರಕ್ಕ,” ಪುಟ್ಟಸಿದ್ದಮ್ಮ ಕೈಹಿಡಿದು ಬೇಡಿಕೊಂಡಳು. “ಈ ಸೂರೂ ಓದ್ರೆ ಎಲ್ಗೋಗದು? ನಮ್ಮೂರು ಉಡಿಗಾಲದಲ್ಲಿ ನಮಗೇನ್ ಅರಮನೆ ಅದಾ?”

ಮರಿತಾಯಮ್ಮನನ್ನು ಒಂದೇ ಯೋಚನೆ ಕೊರೆಯುತ್ತಿತ್ತು. ಬೆರಳಿಟ್ಟರೆ ಬಯಲಾಗುವ ಮೋಸ ಇದು. ಅಧಿಕಾರಿ ಬರುತ್ತಾನೆಂದು ಗೊತ್ತಿದ್ದೂ ಈ ಮರಿಮಲ್ಲಪ್ಪನಿಗೆ ಇಷ್ಟು ಧೈರ್ಯ ಎಲ್ಲಿಂದ ಬಂತು?

ಮರುದಿನ ಜೀಪು ಬಂತು. ಇಂಜಿನಿಯರ್ ಸುಧಾಕರ್ ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತ ಇಳಿದ.

“ಒಳೀಕ್ ಯಾಕ್ ಸಾರ್ ಓಗ್ತೀರಿ? ಆ ಜನದ ಅಟ್ಟಿ,” ಮರಿಮಲ್ಲಪ್ಪ ದನಿ ತಗ್ಗಿಸಿ ನಕ್ಕ. “ಇಲ್ಲಿಂದ್ಲೇ ಎಲ್ಲ ಕಾಣ್ತದಲ್ಲ.”

ಸುಧಾಕರ್ ಹೊಸ್ತಿಲಾಚೆಯಿಂದಲೇ ಕತ್ತು ಚಾಚಿದ. “ಶೀಟ್‌ಗೆ ಮುಟ್ಟಿದೆ. ಸರಿ.” ಜೇಬಿನಿಂದ ಪೆನ್ನು ತೆಗೆದ.

ಮರಿತಾಯಮ್ಮನಿಗೆ ಉತ್ತರ ಸಿಕ್ಕಿತು. ಮೈಲಿಗೆಯನ್ನು ನಂಬಿಯೇ ಮರಿಮಲ್ಲಪ್ಪ ಈ ಗೋಡೆ ಎಬ್ಬಿಸಿದ್ದ.

“ಸಾಮಿ, ಒಂದ್ಸಲ ಮುಟ್ ನೋಡಿ.”

“ಕಾಣಿಸ್ತಾ ಇದೆಯಲ್ಲಮ್ಮ, ಮುಟ್ಟೋದೇನಿದೆ?” ಸುಧಾಕರ್ ಒಂದು ಹೆಜ್ಜೆ ಹಿಂದೆ ಸರಿದ. ಅವಳ ಸೆರಗು ತಾಕೀತೆಂಬ ಅಂಜಿಕೆ ಮುಖದಲ್ಲೇ ಕಾಣುತ್ತಿತ್ತು.

ಅವಳು ಒಳಗೆ ಹೋದಳು. ಒರಳು ಹತ್ತಿ, ಮೊಳೆಯ ತೂತಿಗೆ ಬೆರಳು ತೂರಿಸಿ, ಜಗ್ಗಿದಳು. ಹಲಗೆ ಕಿರ್ರೆಂದು ಕಿತ್ತುಬಂತು. ಅದನ್ನು ತಲೆಯ ಮೇಲೆ ಹೊತ್ತು ಅಂಗಳಕ್ಕೆ ತಂದು ಇಂಜಿನಿಯರನ ಬೂಟಿನ ಮುಂದೆ ಕೆಡವಿದಳು.

“ನೀವು ಒಳೀಕ್ ಬರಾಕಿಲ್ಲ. ಅದ್ಕೇ ಗ್ವಾಡೆನೇ ಆಚ್ಗೆ ತಂದಿವ್ನಿ.”

“ಲೌಡಿ!” ಮರಿಮಲ್ಲಪ್ಪ ನುಗ್ಗಿ ಅವಳ ತುರುಬಿಗೆ ಕೈ ಹಾಕಿದ. ಹೊಡೆಯುವ ಕೈಗೆ ಮೈಲಿಗೆ ಇರಲಿಲ್ಲ.

ಅಷ್ಟರಲ್ಲಿ ಭಾನು ಬಾಗಿಲಲ್ಲಿ ಕಾಣಿಸಿಕೊಂಡಳು. ಅವಳ ಕೈಯಲ್ಲಿ ಬೋಕಿ, ಬೋಕಿಯ ತುಂಬ ಕೆಂಡ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೂ ನಡೆದು ಬಂದಳು. ಅವ್ವ ಕೆಡವಿದ ಗೋಡೆಯ ಮೇಲೆ ಕೆಂಡ ಸುರಿದಳು.

ಉರಿ ಎದ್ದಿತು. ಕಪ್ಪು ಹೊಗೆಗೆ ಸುಧಾಕರ್ ಮೂಗು ಮುಚ್ಚಿಕೊಂಡು ಜೀಪಿನವರೆಗೂ ಹಿಮ್ಮೆಟ್ಟಿದ. ಮರಿಮಲ್ಲಪ್ಪನ ಹಿಡಿತ ತಾನಾಗಿಯೇ ಸಡಿಲವಾಯಿತು.

“ಈಗ ಬರ್ಕಳಿ ಸಾಮಿ,” ಎಂದಳು ಮರಿತಾಯಮ್ಮ, ಬಿಚ್ಚಿದ ಕೂದಲನ್ನು ಕಟ್ಟಿಕೊಳ್ಳದೆ.

“ಇವತ್ತೇ ಕಾಲಿ ಮಾಡಿ! ಎಲ್ರೂ ಕಾಲಿ ಮಾಡಿ!” ಮರಿಮಲ್ಲಪ್ಪ ಕೂಗಾಡಿದ.

ಪಕ್ಕದ ಕೋಣೆಯೊಳಗಿಂದ ಕಿರ್ರೆಂದು ಕೀಳುವ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಪುಟ್ಟಸಿದ್ದಮ್ಮ ಕೆಮ್ಮುತ್ತ, ಬೂದುಬಣ್ಣದ ಹಲಗೆಯೊಂದನ್ನು ತಲೆಯ ಮೇಲೆ ಹೊತ್ತು ಹೊಸ್ತಿಲು ದಾಟಿದಳು.